ಶುಂಠಿ ಗದ್ದೆಯ ಶೆಡ್ಡಿಗೊಂದು ಮನೆ ಸಂಖ್ಯೆ

ಮತದಾನದ ಬಗ್ಗೆ ನನಗೆ ಅಂಥ ಭಕ್ತಿಯೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ 'ಮತದಾನ ಕಡ್ಡಾಯವಾಗಬೇಕು' ಎಂಬ ವಿಷಯಕ್ಕೆ ಒಂದು ಸಲ ಪರವಾಗಿ, ಇನ್ನೊಂದು ಸಲ ವಿರುದ್ಧವಾಗಿ ಮಾತಾಡಿ ಎರಡು ಸಲವೂ ಬಹುಮಾನ ತಂದವಳು ನಾನು. ಎರಡೂ ಕಡೆಯಿಂದ ಗೆಲ್ಲಬಹುದಾದ ಮಾತನ್ನು ನಂಬುವುದು ಹೇಗೆ ಎಂಬ ಅನುಮಾನ ಅಂದಿನಿಂದ ಹೋಗಿಲ್ಲ. ಹಾಗಾಗಿ ಶಿಕಾರಿಪುರದಲ್ಲಿ ನಾನು ಜೂನಿಯರ್ ಆಗಿ ಕೆಲಸ ಮಾಡುವ ವಕೀಲರು ಒಂದು ಬೆಳಿಗ್ಗೆ ಈ ಕೆಲಸವನ್ನು ನನ್ನ ಮೇಜಿನ ಮೇಲೆ ಹಾಕಿದಾಗ ನನಗೆ ಉತ್ಸಾಹ ಬರಲಿಲ್ಲ.

"ನೋಡಮ್ಮ, ಜಗಳ ಆಡೋದು ನಿಂಗೆ ಇಷ್ಟ. ತಾಲ್ಲೂಕ್ ಆಫೀಸ್‌ನಾಗ ಜಗಳ ಆಡಾಕಂತನ ಒಂದು ಕೆಲ್ಸ ಬಂದೈತಿ. ಹೋಗಿ ಬಾ," ಎಂದರು ಸೀನಿಯರ್. "ಫೀಸಿನ ಮಾತು ಎತ್ತಬ್ಯಾಡ."

ಬೆಂಚಿನ ಮೇಲೆ ಕೂತಿದ್ದಾಕೆಗೆ ನನ್ನ ಅಮ್ಮನ ವಯಸ್ಸು. ಶುಂಠಿ ಗದ್ದೆಯ ಕೆಲಸದಾಕೆ. ಒಮ್ಮೆ ಶುಂಠಿ ಬೆಳೆದ ನೆಲದಲ್ಲಿ ಮತ್ತೆ ಬೇಗ ಶುಂಠಿ ಹಾಕುವ ಹಾಗಿಲ್ಲ, ರೋಗ ಬರುತ್ತದೆ. ಅದಕ್ಕೇ ಬೆಳೆಯುವವರು ವರ್ಷಕ್ಕೊಂದು ಊರಿನಲ್ಲಿ ಗದ್ದೆ ಗುತ್ತಿಗೆ ಹಿಡಿಯುತ್ತಾರೆ. ಅವರ ಹಿಂದೆ ಕೆಲಸದವರು ತಗಡಿನ ಶೀಟು, ಗೂಟ, ಪಾತ್ರೆ ಎಲ್ಲ ಹೇರಿಕೊಂಡು ಹೋಗಿ ಗದ್ದೆಯ ಅಂಚಿನಲ್ಲಿ ಶೆಡ್ಡು ಎಬ್ಬಿಸುತ್ತಾರೆ. ಒಂದು ವರ್ಷ ಸೊರಬದ ಕಡೆ, ಇನ್ನೊಂದು ವರ್ಷ ಶಿಕಾರಿಪುರದ ಕಡೆ. ಆಕೆ ಮದುವೆಯಾದಾಗಿನಿಂದ ಬದುಕಿದ್ದು ಹೀಗೆ. ಗಂಡ ತೀರಿಕೊಂಡ ಮೇಲೂ ತಂಡ ಬಿಟ್ಟಿರಲಿಲ್ಲ.

ಕಳೆದ ಚುನಾವಣೆಯಲ್ಲಿ ಆಕೆಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಈಗ ಪಂಚಾಯಿತಿ ಚುನಾವಣೆಗೆ ಪಟ್ಟಿ ತಯಾರಾಗುತ್ತಿತ್ತು, ಹೆಸರು ಸೇರಿಸುವ ಕಡೆಯ ದಿನಾಂಕ ಹತ್ತಿರ ಬರುತ್ತಿತ್ತು.

"ಓಟು ಹಾಕಲೇಬೇಕಾ ಅಕ್ಕಾ?" ಎಂದು ಕೇಳಿದೆ. ಪಾಟೀಸವಾಲು ನನ್ನ ಅಭ್ಯಾಸ.

ಆಕೆ ನನ್ನ ಮುಖವನ್ನೇ ನೋಡಿದಳು. "ಗದ್ದೇಲಿ ನಮ್ಮನ್ನ ಎಂತ ಕರೀತಾರೆ ಗೊತ್ತಾ? 'ಏ ಶುಂಠಿಯೋಳೇ.' ಅಂಗಡೀಲೂ ಹಂಗೇ, ಆಸ್ಪತ್ರೇಲೂ ಹಂಗೇ. ಓಟಿನ ಕೋಣೇಲಿ ಮಾತ್ರ ಒಬ್ರು ಕೂತ್ಕಂಡು ನನ್ನ ಹೆಸ್ರು, ನಮ್ಮನೆಯೋರ ಹೆಸ್ರು ಎರಡೂ ಎಲ್ರಿಗೂ ಕೇಳೋ ಹಂಗೆ ಓದ್ತಾರೆ. ಹೋದ್ಸಲ ಓದ್ಲಿಲ್ಲ. 'ಇಲ್ಲ, ಆಚೆ ಹೋಗಿ' ಅಂದ್ರು. ಹಿಂದಿದ್ದೋರೆಲ್ಲ ನೋಡ್ತಿದ್ರು." ಆಮೇಲೆ, "ಪಟ್ಟೀಲಿ ಇಲ್ದೋರಿಗೆ ಅಕ್ಕಿನೂ ನಿಲ್ಲಿಸ್ತಾರಂತೆ, ಹೌದಾ?" ಎಂದಳು.

"ಅದೆಲ್ಲ ಸುಳ್ಳು."

"ಬರ್ದು ಕೊಡ್ತೀರಾ?"

ಅವಳ ಭಯ ಆ ಬೆಳಿಗ್ಗೆಯೇ ಸ್ವಲ್ಪ ನನಗೂ ಹತ್ತಿಕೊಂಡಿತು.

ಹೆಸರು ಹೋದದ್ದು ಹೇಗೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಕೆಲವು ವರ್ಷಗಳ ಹಿಂದೆ ತಂಡದ ಮೇಸ್ತ್ರಿ ಎಲ್ಲರನ್ನೂ ಒಂದು ಸೈಬರ್ ಅಂಗಡಿಗೆ ಕರೆದುಕೊಂಡು ಹೋಗಿ ಶಿಕಾರಿಪುರದಲ್ಲಿ ಹೆಸರು ಸೇರಿಸಿಸಿದ್ದ. ಸೊರಬದ ಹೆಸರನ್ನು ವರ್ಗಾಯಿಸುವ ಅರ್ಜಿ ಹಾಕಬೇಕಿತ್ತು. ಅಂಗಡಿಯವನು ಹೊಸ ಮತದಾರರ ಅರ್ಜಿ ತುಂಬಿದ. ಹೀಗೆ ಒಬ್ಬಳೇ ಹೆಂಗಸು ಎರಡು ತಾಲ್ಲೂಕಿನ ಪಟ್ಟಿಗಳಲ್ಲಿ ಕೂತಳು. ಆಮೇಲೆ ಕಂಪ್ಯೂಟರು ಎರಡು ಫೋಟೋಗಳನ್ನು ಜೋಡಿಸಿ ನೋಡಿ, ಎರಡೂ ಕಡೆಯ ಮತಗಟ್ಟೆ ಅಧಿಕಾರಿಗಳಿಗೆ ವಿಚಾರಿಸಲು ಹೇಳಿತು. ಸೊರಬದವರು 'ಈಕೆ ಶಿಕಾರಿಪುರಕ್ಕೆ ಹೋಗಿದ್ದಾಳೆ' ಎಂದು ತೆಗೆದರು. ಶಿಕಾರಿಪುರದವರು ಗದ್ದೆಗೆ ಹೋಗಿ ನೋಡಿದಾಗ ಶೆಡ್ಡು ಎದ್ದುಹೋಗಿತ್ತು, ಅವರೂ ತೆಗೆದರು. ಇಬ್ಬರೂ ನಿಯಮದ ಪ್ರಕಾರವೇ ನಡೆದಿದ್ದರು. ಎರಡು ಕಡೆ ಇದ್ದಾಳೆ ಎಂಬ ತಪ್ಪನ್ನು ಎಲ್ಲೂ ಇಲ್ಲದಂತೆ ಮಾಡಿ ಸರಿಪಡಿಸಿದ್ದರು.

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಇದನ್ನೆಲ್ಲ ಕ್ರಮವಾಗಿ ಮಂಡಿಸಿದೆ. ಗುಮಾಸ್ತರು ಪೂರ್ತಿ ಕೇಳಿ, ಆಕೆಯ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿದರು.

"ಇದು ಸೊರಬದ್ದೈತಿ. ಸೊರಬಕ್ಕ ಹೋಗ್ರಿ."

"ಆ ವಿಳಾಸದಲ್ಲಿ ಈಗ ಮೈದುನ ಇದ್ದಾನೆ ಸರ್, ಇವರು ಅಲ್ಲಿಲ್ಲ. ಇಲ್ಲಿದ್ದಾರೆ."

"ಇಲ್ಲಿ ಅದಾರಂತ ಏನು ಸಾಕ್ಷಿ?"

"ನಿಮ್ಮ ಮುಂದೇನೇ ನಿಂತಿದ್ದಾರಲ್ಲ."

"ನನ್ ಮುಂದ ದಿನಾ ನೂರು ಮಂದಿ ನಿಲ್ತಾರ್ರೀ ಮೇಡಂ. ಎಲ್ರದ್ದೂ ತಾಲ್ಲೂಕ್ ಆಫೀಸ್ನಾಗ ವಾಸ ಅಂತ ಬರ್ಕಳ್ಳೇನು?"

ಸಾಲಿನಲ್ಲಿದ್ದವರು ನಕ್ಕರು. ಆಕೆಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೊದಲ ಸುತ್ತು ಅವರದಾಯಿತು.

ಕೊನೆಗೆ ಎರಡು ಕಾಗದ ತರಲು ಹೇಳಿದರು: ಸೊರಬದ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಹಿಂಬರಹ, ಇಲ್ಲಿ ವಾಸವಿದ್ದಾಳೆ ಎಂಬುದಕ್ಕೆ ಪುರಾವೆ. ಮೊದಲನೆಯದು ನನಗೂ ಬೇಕೇ ಬೇಕಿತ್ತು. ಹೊಸ ಅರ್ಜಿಯಲ್ಲಿ, ಬೇರೆಲ್ಲೂ ನನ್ನ ಹೆಸರಿಲ್ಲ ಎಂದು ಆಕೆ ರುಜು ಹಾಕಬೇಕು. ಅದು ಸುಳ್ಳಾದರೆ ಜೈಲಿನವರೆಗೂ ಹೋಗಬಹುದಾದ ಅಪರಾಧ. ಹಿಂದಿನ ಸಲ ಸೈಬರ್ ಅಂಗಡಿಯವನು ಅದೇ ಸಾಲಿನ ಕೆಳಗೆ ಆಕೆಯಿಂದ ರುಜು ಹಾಕಿಸಿದ್ದ. ಯಾರಾದರೂ ಅದನ್ನು ಕೆದಕಿದರೆ? ಈ ಪ್ರಶ್ನೆಯನ್ನು ಆಕೆಗೆ ಹೇಳಲಿಲ್ಲ, ನಾನೇ ಹೊತ್ತು ತಿರುಗಿದೆ.

ಸೊರಬಕ್ಕೆ ಬಸ್ಸಿನಲ್ಲಿ ಇಬ್ಬರೂ ಹೋದೆವು. ಅಲ್ಲಿಯ ಗುಮಾಸ್ತರು ಸಮಾಧಾನದ ಮನುಷ್ಯ.

"ಇದ್ರೆ ಇದೆ ಅಂತ ಬರ್ಕೊಡಬಹುದು. ಇಲ್ದೇ ಇರೋದನ್ನ ಇಲ್ಲ ಅಂತ ಎಂತ ಬರ್ಕೊಡೋದು ಮಾರಾಯ್ತಿ?"

"ಇತ್ತು, ನೀವು ತೆಗೆದ್ರಿ. ತೆಗೆದ ಆದೇಶದ ಪ್ರತಿ ಕೊಡಿ ಸಾಕು."

"ಯಾವ ಭಾಗ? ಭಾಗದ ಸಂಖ್ಯೆ ಇಲ್ದೆ ಎಲ್ಲಿ ಹುಡುಕಲಿ?"

ನನಗೆ ಗೊತ್ತಿರಲಿಲ್ಲ. ಆಕೆ ಹಿಂದಿನಿಂದ, "ನಮ್ದು ಶಾಲೆಯ ಎಡಗಡೆ ಕೋಣೆ. ಬಲಗಡೆದು ಕೆರೆ ಆಚೆಯೋರದ್ದು," ಎಂದಳು. ಗುಮಾಸ್ತರು ಎರಡು ಭಾಗ ತೆಗೆದು ನೋಡಿದರು. ಎರಡನೆಯದರಲ್ಲಿ ಹೆಸರಿನ ಮೇಲೆ ಅಡ್ಡಲಾಗಿ 'ತೆಗೆದುಹಾಕಲಾಗಿದೆ' ಎಂದಿತ್ತು. ಆಕೆ ಅದನ್ನು ಬಗ್ಗಿ ನೋಡಿದಳು. ಸಾಹೇಬರು ಮೀಟಿಂಗಿನಲ್ಲಿದ್ದುದರಿಂದ ಹಿಂಬರಹಕ್ಕೆ ರುಜು ಬೀಳಲು ಮತ್ತೊಮ್ಮೆ ಬಸ್ಸು ಹತ್ತಬೇಕಾಯಿತು.

ಅಷ್ಟರಲ್ಲಿ ಗದ್ದೆಯಲ್ಲಿ ಶುಂಠಿ ಕಿತ್ತು ಮುಗಿಯುತ್ತಾ ಬಂದಿತ್ತು. ಮುಂದಿನ ಗುತ್ತಿಗೆ ಸೊರಬದ ಕಡೆ. ಮೇಸ್ತ್ರಿ ಶೀಟು ಬಿಚ್ಚುವ ಮಾತಾಡುತ್ತಿದ್ದ. ಶೆಡ್ಡು ಎದ್ದುಹೋದರೆ ಮತ್ತೆ ಅದೇ ಕಥೆ: ಪರಿಶೀಲನೆಗೆ ಬಂದವರಿಗೆ ಖಾಲಿ ಗದ್ದೆ ಸಿಗುತ್ತದೆ, ಕಡತ ಮುಚ್ಚುತ್ತದೆ. ಸೊರಬಕ್ಕೆ ಹೋದ ಮೇಲೆ ಅಲ್ಲಿ ಮೊದಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಪಟ್ಟಿ ಮುದ್ರಣವಾಗಿರುತ್ತದೆ. ಒಂದು ಸಲ ಎಲ್ಲಿಯಾದರೂ ಹೆಸರು ಒಳಗೆ ಬಂತೆಂದರೆ ಅದನ್ನು ಊರಿಂದೂರಿಗೆ ವರ್ಗ ಮಾಡಿಸುವುದು ಸುಲಭ. ಹೊರಗಿದ್ದವರು ಒಳಗೆ ಬರುವುದೇ ಕಷ್ಟ. ಇದನ್ನು ಆಕೆಗೆ ವಿವರಿಸಿದಾಗ, "ಬಸ್ಸಿನ ಹಂಗೆ. ಒಳಗೆ ಒಂದು ಕಾಲಿಟ್ರೆ ಆಯ್ತು," ಎಂದಳು.

ವಾಸದ ಪುರಾವೆಗೆ ಗದ್ದೆಯ ಯಜಮಾನರ ಹತ್ತಿರ ಹೋದೆ. ನಮ್ಮ ಜಾಗದಲ್ಲಿ ವಾಸವಿದ್ದಾಳೆ ಎಂಬ ಒಂದು ಸಾಲು ಬರೆದುಕೊಟ್ಟರೆ ಸಾಕಿತ್ತು. ಅವರು ಚಹಾ ಕೊಟ್ಟರು, ಸಾಲು ಕೊಡಲಿಲ್ಲ.

"ತಪ್ಪು ತಿಳೀಬ್ಯಾಡ್ರಿ. ನಮ್ಮಪ್ಪ ಹಿಂಗ ಒಬ್ಬಂಗೆ ಚೀಟಿ ಬರ್ಕೊಟ್ಟಿದ್ದ, ಗೇಣಿ ಕಾನೂನು ಬಂದಾಗ ಆ ಹೊಲ ಅವನದೇ ಆತು. ಬಾಯಾಗ ಎಷ್ಟು ಬೇಕಾರ ಹೇಳ್ತೀನಿ, ಆಕಿ ನಮ್ ಹೊಲದಾಗೇ ಅದಾಳ. ಪೇಪರ್ ಮ್ಯಾಲೆ ಆಗಂಗಿಲ್ಲ."

"ಇದು ಗೇಣಿ ಅಲ್ಲ ಗೌಡ್ರೇ, ಮತದಾರರ ಪಟ್ಟಿ. ಇದರಿಂದ ಜಮೀನಿನ ಹಕ್ಕು ಬರಲ್ಲ."

"ಅವತ್ತೂ ಒಬ್ರು ವಕೀಲ್ರು ಹಿಂಗ ಹೇಳಿದ್ರಂತವಾ."

ಪಂಚಾಯಿತಿಯಲ್ಲಿ, ನಂಬರಿಲ್ಲದ ಕಟ್ಟಡಕ್ಕೆ ದೃಢೀಕರಣ ಇಲ್ಲ ಎಂದರು. ಗ್ಯಾಸಿನ ಸಂಪರ್ಕ ಇಲ್ಲ, ಕರೆಂಟು ಯಜಮಾನರ ಪಂಪ್‌ಸೆಟ್ಟಿನದು, ಬ್ಯಾಂಕಿನ ಪುಸ್ತಕ ಸೊರಬದ್ದು. ಒಂದು ವಾರ ಹೀಗೇ ಅಲೆದೆ. ಸಂಜೆ ಹೊತ್ತು ಆಕೆ ಯಾರದೋ ಫೋನಿನಿಂದ ಕರೆ ಮಾಡಿ, "ಎಂತ ಆಯ್ತು?" ಎಂದಷ್ಟೇ ಕೇಳುತ್ತಿದ್ದಳು. ಆ ಎರಡು ಮಾತಿಗೆ ಹೆದರಿ ಒಮ್ಮೊಮ್ಮೆ ಫೋನ್ ಎತ್ತುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಮತದಾರರ ಪಟ್ಟಿಯ ಕೈಪಿಡಿಯಲ್ಲಿ. ಮನೆ ಇಲ್ಲದವರಿಗೆ ವಿಳಾಸದ ಪುರಾವೆ ಬೇಕಿಲ್ಲ. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ ಹೋಗಿ, ಆ ವ್ಯಕ್ತಿ ಅಲ್ಲಿ ನಿಜವಾಗಿ ಮಲಗುತ್ತಾರೆ ಎಂದು ಖಚಿತ ಮಾಡಿಕೊಂಡರೆ ಸಾಕು. ಆ ಪುಟದ ಜೆರಾಕ್ಸ್ ಹಿಡಿದು ಶೆಡ್ಡಿಗೆ ಓಡಿದೆ. ಚರ್ಚೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ವಾಕ್ಯ ಸಿಕ್ಕಿದರೆ ಆಗುವಂಥದೇ ಹಿಗ್ಗು.

ಆಕೆ ಅರ್ಜಿಯ ಜೊತೆಗಿನ ಪತ್ರವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ ಪೆನ್ನು ಕೆಳಗಿಟ್ಟಳು.

"'ಮನೆ ಇಲ್ಲದ ನಾನು' ಅಂತ ಬರ್ದೀರಿ."

"ಅದು ಕಾನೂನಿನ ಮಾತು ಅಕ್ಕಾ. ಹಾಗೆ ಬರೆದ್ರೆ ಪುರಾವೆ ಕೇಳಲ್ಲ."

"ಇದೆಂತದು ಮತ್ತೆ?" ಎಂದು ತಗಡಿನ ಗೋಡೆಗೆ ಬೆರಳಲ್ಲಿ ತಟ್ಟಿದಳು. "ಒಳಗೆ ಬನ್ನಿ."

ಮಣ್ಣಿನ ನೆಲ ಸಾರಿಸಿತ್ತು. ಮೂಲೆಯಲ್ಲಿ ಮೂರು ಕಲ್ಲಿನ ಮೇಲೆ ಮಣ್ಣು ಮೆತ್ತಿದ ಒಲೆ, ಅದಕ್ಕೆ ಕೆಮ್ಮಣ್ಣಿನ ಅಂಚು. ಗೋಡೆಯ ತಂತಿಗೆ ಗಂಡನ ಫೋಟೋ.

"ಪ್ರತಿ ವರ್ಷ ಮೊದ್ಲು ಒಲೆ ಹಾಕಿ, ಹಾಲು ಉಕ್ಸಿ, ಆಮೇಲೆ ಒಳಗೆ ಬರ್ತೀವಿ. ಬಿಡೋವಾಗ ಎಲ್ಲ ಬಿಚ್ಚಿದ್ಮೇಲೆ ಕಡೇಗೆ ಒಲೆ ತೆಗೀತೀವಿ. ಅದನ್ನ ಮನೆ ಹೆಂಗಸೇ ತೆಗೀಬೇಕು. ಒಲೆ ಇರೋ ತನಕ ಮನೆ ಬಿಟ್ಟಂಗಲ್ಲ. ಮನೆ ಇಲ್ದೋಳು ಅಂತ ನಾನ್ಯಾಕೆ ರುಜು ಹಾಕಲಿ?"

ನಾನು ವಾದಿಸಿದೆ. ಪದ ಮುಖ್ಯವೋ ಫಲ ಮುಖ್ಯವೋ ಎಂದೆ. ದಿನಾಂಕ ಮುಗಿಯುತ್ತಿದೆ ಎಂದೆ. ರುಜು ಹಾಕದಿದ್ದರೆ ಹೊಣೆ ನನ್ನದಲ್ಲ ಎಂದೂ ಅಂದೆ. ಆಕೆ ಚಹಾಕ್ಕೆ ನೀರಿಟ್ಟಳು. ತೀರ್ಪುಗಾರರೇ ಇಲ್ಲದ ಕಡೆ ಚೆನ್ನಾಗಿ ವಾದಿಸಿ ಏನು ಬಂತು? ಶುಂಠಿ ಜಜ್ಜಿ ಹಾಕಿದ ಚಹಾ ಕುಡಿದು ಆ ಪತ್ರ ಹರಿದೆ. ಹೊಸದರಲ್ಲಿ ಕಂಡದ್ದನ್ನಷ್ಟೇ ಬರೆದೆ: ಇಂಥ ಸರ್ವೆ ನಂಬರಿನ ಪೂರ್ವದ ಬದುವಿನ ಮೇಲೆ ತಗಡಿನ ಗೋಡೆ, ತಗಡಿನ ಮಾಡು, ಒಂದು ಒಲೆ, ಇಲ್ಲಿ ವಾಸವಾಗಿರುತ್ತೇನೆ. ಆಕೆ ರುಜು ಹಾಕಿದಳು.

ಇದರ ಫಲ ಮರುದಿನವೇ ಕಾಣಿಸಿತು. ಗುಮಾಸ್ತರು ಕಡತವನ್ನು ಶಿರಸ್ತೇದಾರರ ಮುಂದಿಟ್ಟರು. ಅವರು ಕೈಪಿಡಿಯ ಪುಟ ಓದಿದರು, ನನ್ನ ಪತ್ರ ಓದಿದರು, ಎರಡನ್ನೂ ಪಕ್ಕಪಕ್ಕ ಇಟ್ಟರು.

"ಮನಿ ಐತೋ, ಇಲ್ಲೋ? ಒಂದು ಹೇಳ್ರಿ."

"ಸರ್, ಅದು—"

"ಐತಿ ಅಂದ್ರ ಪುರಾವೆ ಕೊಡ್ರಿ. ಇಲ್ಲ ಅಂದ್ರ ಈ ನಿಯಮಕ್ಕ ಬರ್ರಿ. ಎರಡೂ ದೋಣ್ಯಾಗ ಕಾಲಿಡಬ್ಯಾಡ್ರಿ."

ನನ್ನೊಳಗೆ ವಾದಗಳು ಸಾಲಾಗಿ ಎದ್ದು ನಿಂತವು. ನಂಬರು ಕೊಡದ್ದು ಪಂಚಾಯಿತಿ. ನಂಬರು ಇಲ್ಲದ್ದಕ್ಕೆ ಮನೆಯೇ ಇಲ್ಲವಾಗುವುದಿಲ್ಲ. ಕಾನೂನು ಕೇಳುವುದು ವಾಸವನ್ನು, ಕಟ್ಟಡವನ್ನಲ್ಲ. ಮೊದಲನೆಯದನ್ನು ಶುರುಮಾಡಿದ್ದೆ. ಅವರು ಕನ್ನಡಕ ತೆಗೆದರು.

"ಇಷ್ಟೆಲ್ಲ ಪಾಯಿಂಟ್ ಅದಾವಂದ್ರ ಇದು ನನ್ ಮಟ್ಟದಾಗ ಮುಗಿಯಾದಲ್ಲ ಬಿಡ್ರಿ. ಅಭಿಪ್ರಾಯಕ್ಕ ಮ್ಯಾಲೆ ಕಳಸ್ತೀನಿ."

ಮೇಲೆ ಎಂದರೆ ಸಾಗರದ ಉಪವಿಭಾಗಾಧಿಕಾರಿ ಕಚೇರಿ, ಅಲ್ಲಿಂದ ಇನ್ನೂ ಮೇಲೆ. ಅಲ್ಲಿಂದ ಉತ್ತರ ಬರುವ ಹೊತ್ತಿಗೆ ಶೆಡ್ಡಿನ ಜಾಗದಲ್ಲಿ ಜೋಳ ತೆನೆ ಬಿಟ್ಟಿರುತ್ತಿತ್ತು. ನನ್ನ ವಾದವೇ ಕಡತವನ್ನು ಮೇಲಕ್ಕೆ ದಬ್ಬುತ್ತಿದೆ ಎಂದು ಕಂಡಿತು. ಗೆಲ್ಲುವ ಮಾತು ನಾಲಿಗೆಯ ತುದಿಯಲ್ಲಿದ್ದಾಗ ನುಂಗಿದ್ದು ಅದೇ ಮೊದಲು.

"ಸರ್, ನನ್ನ ಪತ್ರ ಪಕ್ಕಕ್ಕಿಡಿ," ಎಂದೆ. "ಅರ್ಜಿಯನ್ನ ಮತಗಟ್ಟೆ ಅಧಿಕಾರಿಗೆ ಕಳಿಸಿ. ಅವರು ಹೋಗಿ ಕಂಡಿದ್ದು ಬರೀಲಿ. ಅದು ಮನೆಯೋ ಅಲ್ಲವೋ ಅಂತ ನಾನೂ ಹೇಳಲ್ಲ, ನೀವೂ ಹೇಳಬೇಡಿ."

ಅವರು ಅಂಚಿನಲ್ಲಿ ಎರಡು ಸಾಲು ಬರೆದು ಕಡತ ಪಕ್ಕಕ್ಕೆ ತಳ್ಳಿದರು. "ಇದನ್ನ ಮೊದಲಾ ಹೇಳಿದ್ರ ಊಟಕ್ಕರ ಹೋಗ್ತಿದ್ದೆ."

ಆ ಊರಿನ ಮತಗಟ್ಟೆ ಅಧಿಕಾರಿ ಅಂಗನವಾಡಿ ಟೀಚರ್. ಮಕ್ಕಳ ಊಟ, ತೂಕ, ಸರ್ವೆ, ಅದರ ಮೇಲೆ ಇದು. ಟೀಚರಿಗೆ ನನ್ನನ್ನು ಕಂಡರೆ ಆಗಲಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

"ರಾತ್ರಿ ಹೊತ್ತು ಹೊಲಕ್ಕ ಹೋಗ್ಬೇಕಾ? ನನ್ ಗಂಡ ಒಪ್ಪಂಗಿಲ್ಲ. ಹಾವು ಹುಳ ಬ್ಯಾರೆ. ನೀವು ಬರ್ತೀರೇನು?"

"ಬರ್ತೀನಿ ಟೀಚರ್. ಬೆಳಕು ಹರಿಯೋ ಮುಂಚೆಯೂ ರಾತ್ರಿನೇ ಅಲ್ವಾ? ಅಷ್ಟೊತ್ತಿಗೆ ಮನೆಯಲ್ಲಿದ್ದವರು ಅಲ್ಲೇ ಮಲಗಿದ್ದವರೇ."

ಟೀಚರ್ ಹುಬ್ಬು ಗಂಟಿಕ್ಕಿದರು, ಆಮೇಲೆ ಒಪ್ಪಿದರು. ಈ ಒಂದು ವಾದ ಮಾತ್ರ ಯಾವ ಕಚೇರಿಗೂ ಹೋಗದೆ ಗೆದ್ದಿತು. ಮೊದಲ ಭೇಟಿ ಸಲೀಸಾಯಿತು. ನಾವು ನಸುಕಿನಲ್ಲಿ ಹೋದಾಗ ಆಕೆ ಶೆಡ್ಡಿನಲ್ಲಿ ಕಂಬಳಿ ಮಡಿಸುತ್ತಿದ್ದಳು. ಟೀಚರ್ ಫೋಟೋ ತೆಗೆದರು, ಬರೆದುಕೊಂಡರು. ಎರಡನೆಯ ಭೇಟಿಗೆ ಮುಂದಿನ ವಾರ ಬರುತ್ತೇನೆ ಎಂದರು.

ಆ ವಾರ ಮುಗಿಯುವ ಮೊದಲೇ ಲಾರಿ ಬಂತು. ಸೊರಬದ ಗದ್ದೆಯಲ್ಲಿ ಶುಂಠಿ ನೆಡುವ ಮಡಿ ಮಾಡಬೇಕು, ಮಳೆ ಕಾಯುವುದಿಲ್ಲ. ಆಕೆಯ ಫೋನು ಬಂದಾಗ ನಾನು ನ್ಯಾಯಾಲಯದಲ್ಲಿದ್ದೆ. "ಶೀಟು ಬಿಚ್ತಿದಾರೆ," ಎಂದಳು. ಟೀಚರಿಗೆ ಫೋನ್ ಹಚ್ಚಿದೆ. ಶಿವಮೊಗ್ಗದಲ್ಲಿ ತರಬೇತಿ, ನಾಳೆ ಸಂಜೆ ಬರುತ್ತೇನೆ ಎಂದರು. ನಾನು ಗದ್ದೆ ಮುಟ್ಟುವ ಹೊತ್ತಿಗೆ ತಗಡೆಲ್ಲ ಲಾರಿಯ ಮೇಲಿತ್ತು. ಗಂಡನ ಫೋಟೋ ಮಡಿಲಲ್ಲಿಟ್ಟುಕೊಂಡು ಆಕೆ ಒಲೆಯ ಪಕ್ಕ ಕೂತಿದ್ದಳು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು.

ಮೇಸ್ತ್ರಿ ನನ್ನನ್ನು ನೋಡಿದ್ದೇ, "ಮೇಡಂ, ಇವ್ಳಿಗೆ ನೀವಾದ್ರೂ ಹೇಳಿ. ಗೋಡೆ ಇಲ್ಲ, ಮಾಡು ಇಲ್ಲ, ಇವ್ಳು ಅಡುಗೆ ಮಾಡ್ತಾ ಕೂತವ್ಳೆ," ಎಂದ.

"ನೀವು ಹೋಗಿ. ಗೂಟ ನಾಲ್ಕು ಇರ್ಲಿ, ಆ ಹಳೇ ಟಾರ್ಪಾಲು ಬಿಟ್ಟು ಹೋಗಿ. ನಾನು ಒಲೆ ತೆಗ್ದಿಲ್ಲ," ಎಂದಳು ಆಕೆ, ಸೌಟು ಆಡಿಸುತ್ತಾ.

"ಅಲ್ಲಿ ಕೆಲ್ಸಕ್ಕೆ ಬೇರೆಯೋರು ಬಂದ್ರೆ ನನ್ನ ಕೇಳ್ಬೇಡ ಮತ್ತೆ."

"ಕೇಳಲ್ಲ."

ಲಾರಿ ಹೋಯಿತು. ಇರಲೋ ಹೋಗಲೋ ಎಂದು ಆಕೆ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೋಗಿ ಎನ್ನುತ್ತಿದ್ದೆನೋ ಏನೋ. ಒಂದು ಹೆಸರಿಗಾಗಿ ಒಂದು ವರ್ಷದ ಕೆಲಸವನ್ನು ಪಣಕ್ಕಿಡುವುದು ಯಾವ ಲೆಕ್ಕಕ್ಕೂ ಹೊಂದದು. ಹತ್ತಿರದ ಮನೆಯ ಹೆಂಗಸೊಬ್ಬರು ಆ ರಾತ್ರಿ ಜೊತೆಗೆ ಬಂದು ಮಲಗುತ್ತೇನೆಂದರು. ನಾನು ಮನೆಗೆ ಬಂದೆ, ನಿದ್ದೆ ಬರಲಿಲ್ಲ.

ಮರುದಿನ ಸಂಜೆ ಬಂದ ಟೀಚರನ್ನು, ಮುಂದಿನ ನಸುಕಿನಲ್ಲಿ ಗದ್ದೆಗೆ ಕರೆದುಕೊಂಡು ಹೋದೆ. ನಾಲ್ಕು ಗೂಟ, ಟಾರ್ಪಾಲು, ಒಲೆ. ಟೀಚರ್ ಗೂಟಗಳ ಸುತ್ತ ಒಂದು ಸಲ ನಡೆದು ಬಂದರು. ನಾನು ಬಾಯಿ ಬಿಡಲಿಲ್ಲ.

"ಯವ್ವಾ, ಹೋದ್ಸಲ ಗ್ವಾಡಿ ಇತ್ತಲ್ಲ?"

"ಇತ್ತು. ಈಗ ಇಲ್ಲ."

"ಇಲ್ಲೇ ಮಲಗಿದ್ಯಾ?"

"ಬೇರೆಲ್ಲಿ ಮಲಗಲಿ ಟೀಚರ್? ಒಲೆ ಇಲ್ಲೇ ಅದೆ." ಬೂದಿ ಕೆದಕಿ ಕೆಂಡ ತೋರಿಸಿದಳು.

ಟೀಚರ್ ಫೋಟೋ ತೆಗೆದರು. ವರದಿಯಲ್ಲಿ ಏನು ಬರೆದರೆಂದು ನನಗೆ ತೋರಿಸಲಿಲ್ಲ, ಕೇಳುವ ಧೈರ್ಯವೂ ನನಗೆ ಆಗಲಿಲ್ಲ.

ಅರ್ಜಿದಾರರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆಗೆ ಕಾಯಬೇಕು. ಗೋಡೆಯಿಲ್ಲದ ಆ ಜಾಗದ ಬಗ್ಗೆ ಯಾರಾದರೂ ಒಂದು ಚೀಟಿ ಕೊಟ್ಟರೆ ಎಲ್ಲ ಮುಗಿದಂತೆ. ಮೊದಲ ಮಳೆ ಬಿತ್ತು. ಯಜಮಾನರ ಟ್ರ್ಯಾಕ್ಟರು ಗದ್ದೆಯನ್ನೆಲ್ಲ ಉತ್ತು, ಬದುವಿನ ಹತ್ತಿರ ಒಂದು ಚೌಕವನ್ನು ಬಿಟ್ಟು ಹೋಯಿತು. ಕಾಗದ ಕೊಡದ ಮನುಷ್ಯ ಅಷ್ಟು ಮಾತ್ರ ಮಾಡಿದರು. "ಬ್ಯಾಗ ಮುಗಸ್ರೀ ಮೇಡಂ," ಎಂದು ದಾರಿಯಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಆಕೆ ಹಗಲು ಊರೊಳಗೆ ಸಿಕ್ಕ ಕೂಲಿ ಮಾಡಿ ಸಂಜೆ ಆ ಚೌಕಕ್ಕೆ ಮರಳುತ್ತಿದ್ದಳು. ನಾನು ದಿನಕ್ಕೆ ಹಲವು ಸಲ ಫೋನಿನಲ್ಲಿ ಅರ್ಜಿಯ ಸ್ಥಿತಿ ನೋಡುತ್ತಿದ್ದೆ; 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಮಾತು.

ಅದು ಬದಲಾದ ದಿನ ಆಕೆಗೆ ಹೇಳಿಕಳಿಸಿದೆ. ಕಾಲಿಗೆ ಮೆತ್ತಿದ ಕೆಸರಿನೊಂದಿಗೆ ಬಂದು ಕಚೇರಿಯ ಬಾಗಿಲಲ್ಲೇ ನಿಂತಳು. ಸೀನಿಯರ್ ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು. ನಾನು ಕಂಪ್ಯೂಟರನ್ನು ಆಕೆಯ ಕಡೆ ತಿರುಗಿಸಿದೆ.

"ನೀವೇ ಓದಿ. ಅಲ್ಲಿ ಓದೋ ಹಂಗೆ ಓದಿ," ಎಂದಳು.

ಓದಿದೆ. ಕ್ರಮಸಂಖ್ಯೆ, ಆಕೆಯ ಹೆಸರು, ಗಂಡನ ಹೆಸರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಕ್ಷಿದಾರರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಆಮೇಲೆ ಊರಿನ ಕೊನೆಯ ಮನೆಯ ನಂಬರು, ಅದರ ಮುಂದೆ ಒಂದು ಓರೆಗೀಟು, ಒಂದು ಅಂಕಿ.

"ಅದೆಂತ ನಂಬರು?"

"ಮನೆ ಸಂಖ್ಯೆ. ಟೀಚರ್ ಹಾಕಿದ್ದಾರೆ."

"ಯಾರ ಮನೆದು?"

"ನಿಮ್ಮ ಮನೇದೇ."

ಆಕೆ ಪರದೆಯ ಮೇಲಿನ ಆ ಅಂಕಿಯ ಹತ್ತಿರ ಬೆರಳು ತಂದಳು, ಮುಟ್ಟಲಿಲ್ಲ. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು.

"ಹಂಗಾರೆ ಇವತ್ತು ಸಂಜೆ ಒಲೆ ತೆಗಿತೀನಿ. ನಾಳೆ ಟ್ರ್ಯಾಕ್ಟರ್ ತರಬೌದು ಅಂತ ಗೌಡ್ರಿಗೆ ಹೇಳಿ."